ಹಿಮಪಿಂಡಗಳ ವರ್ಣವಿಚಾರ

ನೆಪ್ಚೂನ್ ಗ್ರಹದ ಕಕ್ಷೆಯಿಂದಾಚೆಗೆ, ಭೂಮಿಗೂ ಸೂರ್ಯನಿಗೂ ಇರುವ ಅಂತರದ ಮೂವತ್ತರಿಂದ ಐವತ್ತು ಮಡಿ ದೂರದಲ್ಲಿ, ಹಿಮಮಯವಾದ ಅಸಂಖ್ಯಾತ ಕ್ಷುದ್ರಪಿಂಡಗಳು ಸೂರ್ಯನನ್ನು ಸುತ್ತುತ್ತಿರುವುವೆಂಬುದು ಈಗ ನಿರ್ವಿವಾದವಾದ ಸಂಗತಿ. ಈ ಪ್ರದೇಶಕ್ಕೆ ಕೈಪರ್ ಪಟ್ಟಿಯೆಂದು ಹೆಸರು. ಪ್ಲೂಟೋ ಮತ್ತು ಅದರ ಚಂದ್ರನನ್ನು ಬಿಟ್ಟರೆ ಇಲ್ಲಿಯ ಮೊದಲನೆಯ ಪಿಂಡವನ್ನು 1992ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಹವಾಯಿಯ ಮೌನಾ ಕಿಯಾ ಶಿಖರದಿಂದ ಡೇವಿಡ್ ಜೆವಿಟ್, ಜೇನ್ ಲೂ ಎಂಬ ಇಬ್ಬರು ವಿದ್ವಾಂಸರು ಕಂಡರು. ಅದಕ್ಕೆ 2018ರಲ್ಲಿ ಆಲ್ಬಿಯನ್ ಎಂಬ ನಾಮಧೇಯವಾಯಿತು. ಅಂದಿನಿಂದ ಈಚೆಗೆ ಇಂತಹ ಪಿಂಡಗಳು ಸಾವಿರಗಟ್ಟಲೆಯಾಗಿ ಗೊತ್ತಾಗಿವೆ. ಆದರೆ ಇವುಗಳಲ್ಲಿ ಮಾನವನ ಯಂತ್ರವು ಸಮೀಪಕ್ಕೆ ಹೋಗಿ ನೋಡಿರುವುವು ಎರಡೇ ನೆಲೆಗಳು: 2015ರ ಜುಲೈ 14ರಂದು ಪ್ಲೂಟೋ ಮತ್ತು ಅದರ ಪರಿವಾರ, 2019ರ ಜನವರಿ 1ರಂದು ಆರೊಕೋತ್. ಮಿಕ್ಕವೆಲ್ಲವೂ ಅತ್ಯಂತ ದೊಡ್ಡ ದೂರದರ್ಶಕಗಳಲ್ಲಿಯೂ ಬೆಳಕಿನ ಚುಕ್ಕೆಗಳೇ. ಆ ಚುಕ್ಕೆಗಳ ದ್ರವ್ಯ, ಜನ್ಮಸ್ಥಾನ, ಪೂರ್ವವೃತ್ತಾಂತ ಇವುಗಳನ್ನು ತಿಳಿಯುವುದಕ್ಕೆ ವಿದ್ವಾಂಸರು ಬಹುಕಾಲ ಮುಖ್ಯವಾಗಿ ಅವಲಂಬಿಸಿರುವ ಲಿಂಗವು ವರ್ಣವೊಂದೇ. ಈ ವರ್ಣವೆಂಬುದು ಏನು, ಅದರಿಂದ ಯಾವುದನ್ನು ಅನುಮಾನಿಸಬಹುದು, ಯಾವುದನ್ನು ಅನುಮಾನಿಸಬಾರದು ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಮೊದಲು ಶಬ್ದವನ್ನು ವಿಚಾರಿಸಬೇಕು. ತಾರ್ಕಿಕರು ರೂಪವನ್ನು ಚಕ್ಷುರಿಂದ್ರಿಯಮಾತ್ರದಿಂದ ಗ್ರಾಹ್ಯವಾದ ಗುಣವೆಂದು ಲಕ್ಷಣ ಹೇಳಿ, ಶುಕ್ಲ, ನೀಲ, ಪೀತ, ರಕ್ತ, ಹರಿತ, ಕಪಿಶ, ಚಿತ್ರ ಎಂದು ಏಳು ಬಗೆಯಾಗಿ ವಿಭಾಗಿಸಿರುವುದು ಪ್ರಸಿದ್ಧವಾಗಿದೆ. ಕನ್ನಡದ ಬಣ್ಣವೆಂಬುದು ವರ್ಣಶಬ್ದದ ತದ್ಭವವಾದುದರಿಂದ, ಲೋಕವ್ಯವಹಾರದಲ್ಲಿ ಎರಡಕ್ಕೂ ಇದೇ ಅರ್ಥ. ಕಣ್ಣಿಗೆ ಕಂಡದ್ದು ಬಣ್ಣ, ಕಾಣದ್ದು ಬಣ್ಣವಲ್ಲ. ಆದರೆ ಹಿಮಪಿಂಡಗಳ ವರ್ಣವನ್ನು ಇಂದಿನವರೆಗೆ ಯಾರ ಕಣ್ಣೂ ಕಂಡಿಲ್ಲ. ಸೂರ್ಯನಿಂದ 40 ಮಡಿ ದೂರದಲ್ಲಿ ಬಿಸಿಲು ಭೂಮಿಯ ಬಿಸಿಲಿನ 1600ರಲ್ಲಿ ಒಂದು ಪಾಲು. ಅದು ಪಿಂಡದ ಮೇಲೆ ಬಿದ್ದು ಮತ್ತೆ ಅಷ್ಟೇ ದೂರವನ್ನು ಹಿಂದಕ್ಕೆ ಬರಬೇಕು. ಆದುದರಿಂದ ದೂರ ಎರಡು ಪಟ್ಟಾದರೆ ನಮ್ಮ ಕಡೆಗೆ ಮುಟ್ಟುವ ಬೆಳಕು ಹದಿನಾರರಲ್ಲೊಂದು ಭಾಗಕ್ಕೆ ಇಳಿಯುವುದು. ಇಷ್ಟು ಮಂದವಾದ ಬೆಳಕಿನಲ್ಲಿ ಕಣ್ಣು ಬಣ್ಣವನ್ನು ಗ್ರಹಿಸಲಾರದು.

ಹಾಗಾದರೆ ಅಳೆಯುವುದೇನನ್ನು? ದೂರದರ್ಶಕಕ್ಕೆ ಒಮ್ಮೆ ನೀಲಿಯ ಬೆಳಕನ್ನು ಮಾತ್ರ ಬಿಡುವ ಶೋಧಕವನ್ನು, ಇನ್ನೊಮ್ಮೆ ಕೆಂಪು ಬೆಳಕನ್ನು ಮಾತ್ರ ಬಿಡುವ ಶೋಧಕವನ್ನು ಜೋಡಿಸಿ, ಎರಡರಲ್ಲಿಯೂ ಪಿಂಡದ ಕಾಂತಿಮಾನವನ್ನು ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಈ ಶೇಷಕ್ಕೇ ವರ್ಣವೆಂದು ಪರಿಭಾಷೆ. ಕಾಂತಿಮಾನದ ಕ್ರಮವನ್ನು 1856ರಲ್ಲಿ ಪಾಗ್ಸನ್ ಎಂಬಾತನು ನಿಯಮಿಸಿದನು. ಅದರಂತೆ 5 ಅಂಕಗಳ ಅಂತರವು ಬೆಳಕಿನಲ್ಲಿ 100 ಪಟ್ಟು, 1 ಅಂಕದ ಅಂತರವು ಸುಮಾರು ಎರಡೂವರೆ ಪಟ್ಟು. ಸೂರ್ಯನ ಬೆಳಕಿಗೇ ಈ ನೀಲಿ-ಕೆಂಪುಗಳ ಅಂತರ ಸುಮಾರು 1 ಇರುವುದು. ಪಿಂಡವು ತನ್ನ ಮೇಲೆ ಬಿದ್ದ ಬಿಸಿಲನ್ನು ಯಾವ ಪಕ್ಷಪಾತವೂ ಇಲ್ಲದೆ ಹಿಂದಿರುಗಿಸಿದರೆ ಅದರ ಅಂತರವೂ 1 ಆಗಿಯೇ ಉಳಿಯುವುದು. ಅದನ್ನು ಬೂದು ಅಥವಾ ತಟಸ್ಥವೆನ್ನುತ್ತಾರೆ. 1977ರಲ್ಲಿ ಗೊತ್ತಾದ ಕೈರಾನ್ ಇಂತಹದು. 1992ರ ಆರಂಭದಲ್ಲಿ ಗೊತ್ತಾದ ಫೋಲಸ್ ಎಂಬುದರ ಅಂತರವಾದರೋ ಸುಮಾರು 2. ಎಂದರೆ, ತನ್ನ ಮೇಲೆ ಬಿದ್ದ ನೀಲಿಯ ಭಾಗದಲ್ಲಿ ಎಷ್ಟನ್ನು ಹಿಂದಿರುಗಿಸುವುದೋ, ಕೆಂಪಿನ ಭಾಗದಲ್ಲಿ ಅದರ ಎರಡೂವರೆ ಪಟ್ಟಿನಷ್ಟನ್ನು ಹಿಂದಿರುಗಿಸುವುದು. ಇದು ಅತ್ಯಂತ ರಕ್ತವೆಂದು ಹೆಸರಾಯಿತು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಈ ಶಾಸ್ತ್ರದಲ್ಲಿ ವರ್ಣವು ತಾರ್ಕಿಕರು ಹೇಳುವ ರೂಪವಲ್ಲ; ಅದು ಒಂದು ಪ್ರಮಾಣ, ಸೂರ್ಯನನ್ನು ಮಾನದಂಡವಾಗಿ ಇಟ್ಟುಕೊಂಡ ಸಾಪೇಕ್ಷವಾದ ಪ್ರಮಾಣ. ಕೆಂಪೆಂದರೆ ಬಿಸಿಲಿಗಿಂತ ಕೆಂಪಿನ ಕಡೆಗೆ ವಾಲಿದ್ದು ಎಂದಷ್ಟೇ ಅರ್ಥ. ಇಂತಹ ಸಾಪೇಕ್ಷವ್ಯವಹಾರವು ಕನ್ನಡಿಗರಿಗೆ ಹೊಸದೇನೂ ಅಲ್ಲ. ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿರುವ ಆನೆಕೊಂಡದ ಆಸುಪಾಸಿನ ಸೀಮೆಯಲ್ಲಿ ಕೆಂಪು ನೆಲವೂ ಉಂಟು, ಎರೆ ನೆಲವೂ ಉಂಟು. ಅಲ್ಲಿಯ ಒಕ್ಕಲಿಗನು ಕೆಂಪು ಮಣ್ಣೆಂದಾಗ ಆ ಮಣ್ಣು ಕುಂಕುಮದಂತಿರುವುದೆಂದು ಯಾರೂ ತಿಳಿಯುವುದಿಲ್ಲ. ಅದು ಕಪಿಶವೇ; ಪಕ್ಕದ ಎರೆಯೊಂದಿಗೆ ಹೋಲಿಸಿದಾಗ ಮಾತ್ರ ಕೆಂಪು. ಹಿಮಪಿಂಡಗಳ ಕೆಂಪೂ ಇದೇ ಜಾತಿಯದು. ಆರೊಕೋತ್ ಪಿಂಡವನ್ನು ಮನುಷ್ಯನು ತಕ್ಕಷ್ಟು ಬೆಳಕಿನಲ್ಲಿ ನೋಡಿದನಾದರೆ ಅದು ಮಾಸಿದ ಕೆಂಗಂದಾಗಿ ತೋರಬಹುದೇ ಹೊರತು ಪ್ರಕಟವಾದ ಕೆಲವು ಚಿತ್ರಗಳಲ್ಲಿರುವಂತೆ ದಾಸವಾಳದಂತೆ ತೋರಲಾರದು. ಆ ಚಿತ್ರಗಳಲ್ಲಿ ಭೇದಗಳು ಸ್ಪಷ್ಟವಾಗಲೆಂದು ಬಣ್ಣವನ್ನು ಹೆಚ್ಚಿಸಿರುತ್ತಾರೆ. ಹಾಗೆಂದು ಪ್ರಕಟಿಸುವವರು ಹೇಳಿಯೂ ಇರುತ್ತಾರೆ. ಆದರೆ ಚಿತ್ರವನ್ನು ಪುನರ್ಮುದ್ರಿಸುವವರು ಆ ಮಾತನ್ನು ಬಿಟ್ಟುಬಿಡುವುದರಿಂದ ವಾಚಕರಿಗೆ ಭ್ರಾಂತಿಯುಂಟಾಗುವುದು.

ಈ ಭ್ರಾಂತಿಯು ವಾಚಕರಲ್ಲಿ ಮಾತ್ರ ನಿಲ್ಲುವುದಿಲ್ಲ. ಶಾಸ್ತ್ರದ ಪರಿಭಾಷೆಯಲ್ಲಿಯೇ ಅದಕ್ಕೆ ಬೀಜವಿದೆ. 2017ರಲ್ಲಿ ಫ್ರೇಜರ್ ಮತ್ತು ಅವರ ಸಂಗಡಿಗರು ಕೈಪರ್ ಪಟ್ಟಿಯ ಶಾಂತಕಕ್ಷೆಯ ಪಿಂಡಗಳ ನಡುವೆ ಕೆಲವು ಜೋಡಿಗಳನ್ನು ಗುರುತಿಸಿ, ಅವುಗಳಿಗೆ ನೀಲಿ ಯುಗ್ಮಗಳೆಂದು ಹೆಸರಿಟ್ಟರು. ಇವು ಯಾವ ಅರ್ಥದಲ್ಲಿಯೂ ನೀಲಿಯಲ್ಲ. ಬಿಸಿಲಿಗೆ ಹೋಲಿಸಿದರೆ ಇವೂ ತುಸು ಕೆಂಪೇ. ನೆರೆಯ ಅತಿರಕ್ತ ಪಿಂಡಗಳಿಗಿಂತ ಕೆಂಪು ಕಡಮೆಯೆಂಬುದರಿಂದ ನೀಲಿಯೆನಿಸಿದುವು. ಮಾನದಂಡವು ಒಂದು ಕಡೆ ಸೂರ್ಯ, ಇನ್ನೊಂದು ಕಡೆ ನೆರೆಯ ಪಿಂಡ. ಶಬ್ದ ಮಾತ್ರ ಒಂದೇ. ತಜ್ಞರು ಪರಸ್ಪರ ಮಾತನಾಡಿಕೊಳ್ಳುವಾಗ ಇದರಿಂದ ಬಾಧಕವಿಲ್ಲ. ಕನ್ನಡದಲ್ಲಿ ಬರೆಯುವವರು ಅದನ್ನು ಹಾಗೆಯೇ ನೀಲಿಯೆಂದು ಇಳಿಸಿದರೆ ಓದುವವನ ಮನಸ್ಸಿನಲ್ಲಿ ನಿಲ್ಲುವುದು ಇಂದ್ರನೀಲದ ಗುಂಡು. ಆದುದರಿಂದ ಅಳತೆಯ ಅಂಕಕ್ಕೆ ವರ್ಣಾಂತರವೆಂಬ ಶಬ್ದವನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಕೆಂಪು, ನೀಲಿಗಳನ್ನು ಹೇಳುವಾಗಲೆಲ್ಲ ಯಾವುದಕ್ಕಿಂತ ಎಂಬುದನ್ನೂ ಹೇಳುವುದು ಯುಕ್ತ. ಪರಿಭಾಷೆಯನ್ನು ಚೆನ್ನಾಗಿ ಆರಿಸಿದರೆ ಎಷ್ಟು ಉಪಕಾರವೆಂಬುದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದಾಗ ತೋರುವ ಬಣ್ಣಗಳ ಪಟ್ಟಿಗೆ ರೋಹಿತವೆಂಬ ಮಾತು ರೂಢಿಯಲ್ಲಿದೆ. ನೆಟ್ಟಗಿರುವ ಇಂದ್ರಧನುಸ್ಸಿಗೆ ರೋಹಿತವೆಂದು ಹೆಸರೆಂಬುದು ಅಮರಕೋಶವನ್ನು ಓದಿದವರಿಗೆ ವಿದಿತವಾಗಿದೆ. ಬಾಗಿದ ಕಾಮನಬಿಲ್ಲನ್ನು ನೆಟ್ಟಗೆ ಮಾಡಿ ಅಳೆಯುವ ಕಾರ್ಯಕ್ಕೆ ಇದಕ್ಕಿಂತ ಸಮಂಜಸವಾದ ಪದವನ್ನು ಕಾಣುವುದು ಕಷ್ಟ.

ಇನ್ನು ಅಳತೆಯ ವಿಚಾರ. ಅನುಮಾನಕ್ಕೆ ಮೊದಲು ಹೇತುವೇ ಸಿದ್ಧವಾಗಿರಬೇಕು; ಇಲ್ಲವಾದರೆ ಅದು ಸ್ವರೂಪಾಸಿದ್ಧವಾಗುವುದು. ಹಿಮಪಿಂಡಗಳಲ್ಲಿ ಬಹುಸಂಖ್ಯಾತವಾದುವು ಉರುಟಾಗಿಲ್ಲ. ತಮ್ಮ ಅಚ್ಚಿನ ಮೇಲೆ ಕೆಲವು ಗಂಟೆಗಳಿಗೊಮ್ಮೆ ತಿರುಗುತ್ತಲೂ ಇರುವುವು. ನೀಲಿಯ ಶೋಧಕದಲ್ಲಿ ನೋಡಿದಾಗ ಅಗಲವಾದ ಮುಖವೂ, ಅರ್ಧ ಗಂಟೆಯ ಮೇಲೆ ಕೆಂಪಿನ ಶೋಧಕದಲ್ಲಿ ನೋಡಿದಾಗ ಕಿರಿದಾದ ಮುಖವೂ ಎದುರಿಗೆ ಬಂದರೆ, ಆಕಾರದ ಭೇದವು ವರ್ಣದ ಭೇದವಾಗಿ ಲೆಕ್ಕದಲ್ಲಿ ನುಸುಳುವುದು. ಮೊದಮೊದಲಿನ ಅಳತೆಗಳಲ್ಲಿ ಈ ದೋಷವು ಅಲ್ಲಲ್ಲಿ ಇದ್ದಿತು. ಈಚಿನ ಪರಿಶೋಧಕರು ಶೋಧಕಗಳನ್ನು ಅನುಲೋಮವಾಗಿಯೂ ವಿಲೋಮವಾಗಿಯೂ ಬದಲಾಯಿಸಿ, ಮೊದಲನೆಯದರಲ್ಲಿಯೇ ಮುಗಿಸಿ, ತಿರುಗಾಟದಿಂದಾಗುವ ಏರಿಳಿತವನ್ನು ಕಳೆಯುವ ಕ್ರಮವನ್ನು ಅನುಸರಿಸುತ್ತಾರೆ. ಮತ್ತೊಂದು ದೋಷವು ಸಂಗ್ರಹದಲ್ಲಿದೆ. ಪಿಂಡಗಳನ್ನು ಹುಡುಕುವುದು ಸಾಮಾನ್ಯವಾಗಿ ಕೆಂಪು ಬೆಳಕಿನ ಶೋಧಕದಿಂದ. ಆದುದರಿಂದ ಕೆಂಪಾದುವು ಸುಲಭವಾಗಿ ಸಿಕ್ಕುವುವು, ಬೂದಾದುವು ತಪ್ಪಿಸಿಕೊಳ್ಳುವುವು. ಬಲೆಯ ಕಣ್ಣನ್ನು ನೋಡದೆ ಬಿದ್ದ ಮೀನುಗಳನ್ನೆಣಿಸಿ ಕೆರೆಯ ಲೆಕ್ಕವನ್ನು ಹೇಳುವಂತಾಗಬಾರದು.

ಈ ದೋಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮೂವತ್ತು ವರ್ಷಗಳ ವಾದವನ್ನು ನೋಡಬಹುದು. 1996ರಲ್ಲಿ ಲೂ ಮತ್ತು ಜೆವಿಟ್ ಅವರು, ಈ ಪಿಂಡಗಳಲ್ಲಿ ಬೂದಿನಿಂದ ಅತಿರಕ್ತದವರೆಗೆ ಎಲ್ಲ ವರ್ಣಗಳೂ ಅವಿಚ್ಛಿನ್ನವಾಗಿ ಇರುವುವೆಂದು ಪ್ರತಿಪಾದಿಸಿದರು. 1998ರಲ್ಲಿ ಟೆಗ್ಲರ್ ಮತ್ತು ರೋಮಾನಿಷಿನ್ ಅವರು, ಅಳತೆಯನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದರೆ ಬೂದಿನ ಗುಂಪು, ಕೆಂಪಿನ ಗುಂಪು ಎಂಬ ಎರಡೇ ಕಾಣುವುವು, ನಡುವೆ ತೆರಪಿದೆ ಎಂದರು. ಒಂದೇ ಆಕಾಶ, ಒಂದೇ ಬಗೆಯ ಯಂತ್ರ, ಪರಸ್ಪರ ವಿರುದ್ಧವಾದ ಎರಡು ಸಿದ್ಧಾಂತಗಳು. 2003ರಲ್ಲಿ ಪೈಶಿನ್ಯೋ ಮೊದಲಾದವರು ಈ ವಿರೋಧಕ್ಕೆ ಪರಿಹಾರವನ್ನು ತೋರಿಸಿದರು. ಉಭಯಪಕ್ಷದವರೂ ಎರಡು ವರ್ಗಗಳನ್ನು ಒಂದರಲ್ಲಿ ಬೆರಸಿ ಎಣಿಸಿದ್ದರು. ಗುರು ಮತ್ತು ನೆಪ್ಚೂನ್‌ಗಳ ನಡುವೆ ಅಸ್ಥಿರವಾದ ಕಕ್ಷೆಯಲ್ಲಿ ಸುತ್ತುವ ಸೆಂಟಾರ್‌ಗಳೆಂಬ ಪಿಂಡಗಳು ಬೇರೆ, ಆಚೆಯ ಪಟ್ಟಿಯವು ಬೇರೆ. ಸೆಂಟಾರೆಂದರೆ ಗ್ರೀಕರ ಪುರಾಣದ ನರಾಶ್ವಮಿಶ್ರವಾದ ಜಾತಿ. ಕಿನ್ನರವೆಂದು ಕನ್ನಡಿಸುವುದು ಉಚಿತ. ಕೈರಾನ್, ಫೋಲಸ್‌ಗಳೆರಡೂ ಕಿನ್ನರಗಳೇ. ಈ ಕಿನ್ನರಗಳಲ್ಲಿ ವರ್ಣವು ಎರಡು ಗುಂಪಾಗಿ ಒಡೆದಿರುವುದು, ಪಟ್ಟಿಯ ಪಿಂಡಗಳಲ್ಲಿ ಹಾಗೆ ಒಡೆದಿಲ್ಲ ಎಂಬುದು ಅವರ ನಿರ್ಣಯ. ವಿವಾದದ ಮೂಲವು ಆಕಾಶದಲ್ಲಿರಲಿಲ್ಲ, ವರ್ಗೀಕರಣದಲ್ಲಿತ್ತು. ಅಲ್ಪಸಂಖ್ಯೆಯ ಅಳತೆಗಳಿಂದ ವ್ಯಾಪ್ತಿಯನ್ನು ಹೇಳಹೊರಟ ಎರಡು ಪಕ್ಷಗಳಿಗೂ ಈ ಆಕ್ಷೇಪವು ಸಮಾನ.

ಇದಕ್ಕಿಂತ ಗಹನವಾದ ಪ್ರಶ್ನೆಯು ವರ್ಣದ ಉತ್ಪತ್ತಿಯನ್ನು ಕುರಿತದ್ದು. ಪಿಂಡದ ವರ್ಣವು ಹುಟ್ಟಿನಿಂದ ಬಂದುದೋ, ಅನಂತರ ಉಂಟಾದುದೋ? ವೈಶೇಷಿಕರು ಪೃಥಿವಿಯ ರೂಪರಸಾದಿಗಳನ್ನು ಪಾಕಜಗಳೆಂದು, ಎಂದರೆ ತೇಜಸ್ಸಿನ ಸಂಯೋಗದಿಂದ ಬದಲಾಗತಕ್ಕವೆಂದು ಹೇಳುತ್ತಾರೆ. ಆವಿಗೆಯಲ್ಲಿ ಬೆಂದ ಹಸಿ ಮಡಕೆಯು ಕೆಂಪಾಗುವುದು ಅವರ ದೃಷ್ಟಾಂತ. ಪರಮಾಣುಗಳಲ್ಲಿಯೇ ಪಾಕವೆಂಬುದು ಪೀಲುಪಾಕವಾದ, ಇಡಿಯ ಮಡಕೆಯಲ್ಲಿ ಪಾಕವೆಂಬುದು ನೈಯಾಯಿಕರ ಪಿಠರಪಾಕವಾದ. ಜಲದ ರೂಪವಾದರೋ ಶುಕ್ಲವೇ. ಯಮುನೆಯ ನೀರು ಕಪ್ಪಾಗಿ ತೋರುವುದು ಆಶ್ರಯದ ಉಪಾಧಿಯಿಂದ ಎಂದು ಅವರ ಸಮಾಧಾನ. ಪ್ರಾಚೀನರು ಹಿಮಪಿಂಡಗಳನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಅವಿವೇಕ. ಆದರೆ ಪ್ರಶ್ನೆಯನ್ನು ವಿಭಾಗಿಸುವ ಕ್ರಮವು ಇಲ್ಲಿ ಉಪಯುಕ್ತವಾಗಿದೆ. ಶುದ್ಧವಾದ ನೀರ್ಗಲ್ಲು ಆ ಪಿಂಡಗಳಲ್ಲಿಯೂ ಬೆಳ್ಳಗೆ, ತಟಸ್ಥವಾಗಿಯೇ ಇರುವುದು. ಕೆಂಪು ಬರುವುದು ಅದರಲ್ಲಿ ಬೆರೆತ ಇಂಗಾಲಯುಕ್ತ ದ್ರವ್ಯಗಳಿಂದ. ಮೀಥೇನ್, ಮೆಥನಾಲ್ ಮುಂತಾದ ಹಿಮಗಳ ಮೇಲೆ ವಿದ್ಯುತ್ಕಣಗಳೂ ಅತಿನೇರಳೆ ಕಿರಣಗಳೂ ಬಹುಕಾಲ ಬಿದ್ದರೆ ಕೆಂಗಂದಾದ ಅಂಟುದ್ರವ್ಯವೊಂದು ಉಂಟಾಗುವುದನ್ನು ಪ್ರಯೋಗಶಾಲೆಗಳಲ್ಲಿ ತೋರಿಸಿದ್ದಾರೆ. ಇಂತಹ ದ್ರವ್ಯಗಳಿಗೆ 1979ರಲ್ಲಿ ಕಾರ್ಲ್ ಸೇಗನ್ ಮತ್ತು ಕಾಶಿಯಲ್ಲಿ ಹುಟ್ಟಿದ ಬಿಷುನ್ ಖರೆ ಅವರು, ಕದಡಿದುದು ಎಂಬರ್ಥದ ಗ್ರೀಕ್ ಪದದಿಂದ ತೋಲಿನ್ ಎಂಬ ಹೆಸರನ್ನು ಕಲ್ಪಿಸಿದರು. ಇದೂ ಒಂದು ಪಾಕವೇ. ಆದರೆ ಪರಮಾಣುವಿನದೂ ಅಲ್ಲ, ಇಡಿಯ ಪಿಂಡದ್ದೂ ಅಲ್ಲ, ಹೊರಚರ್ಮದ್ದು. ಆನೆಕೊಂಡದ ಪ್ರಾಚೀನವಾದ ಈಶ್ವರಾಲಯದಂತಹ ಕಟ್ಟಡಗಳಲ್ಲಿ, ಶತಮಾನಗಳ ಬಿಸಿಲು ಮಳೆಗಳಿಗೆ ಮೈಯೊಡ್ಡಿದ ಕಲ್ಲಿನ ಹೊರಮೈ ಬೇರೆ, ಒಡೆದಾಗ ಕಾಣುವ ಒಳಮೈ ಬೇರೆ ಎಂಬುದನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಬರುವುದು.

ಹೀಗೆ ವರ್ಣವು ಚರ್ಮಪಾಕದಿಂದ ಉಂಟಾದುದಾದರೆ, ಎಲ್ಲ ಪಿಂಡಗಳೂ ಒಂದೇ ವಯಸ್ಸಿನವಾದುದರಿಂದ ಎಲ್ಲವೂ ಸಮನಾಗಿ ಕೆಂಪಾಗಬೇಕಾಗಿತ್ತು. ಹಾಗಿಲ್ಲದಿರುವುದಕ್ಕೆ ಲೂ ಮತ್ತು ಜೆವಿಟ್ ಅವರು ಹೇಳಿದ ಕಾರಣವು ಸಂಘರ್ಷ. ಪಿಂಡಗಳು ಒಂದನ್ನೊಂದು ತಾಕಿದಾಗ ಒಳಗಿನ ಬೂದು ಹಿಮವು ಹೊರಕ್ಕೆ ಚೆಲ್ಲಿ ಕೆಂಪನ್ನು ಮುಚ್ಚುವುದು, ಮತ್ತೆ ಕ್ರಮೇಣ ಕೆಂಪೇರುವುದು ಎಂದು. ಈ ಪಕ್ಷವು ಸತ್ಯವಾದರೆ ಒಂದೇ ಪಿಂಡದ ಒಂದು ಮಗ್ಗುಲು ಬೂದಾಗಿಯೂ ಇನ್ನೊಂದು ಮಗ್ಗುಲು ಕೆಂಪಾಗಿಯೂ ಇರಬೇಕು. ತಿರುಗುವಾಗ ವರ್ಣಾಂತರವು ಬದಲಾಗಬೇಕು. ಅಳೆದು ನೋಡಿದರೆ ಅಷ್ಟು ಬದಲಾವಣೆ ಕಾಣಲಿಲ್ಲ. 2001ರಲ್ಲಿ ಜೆವಿಟ್ ಮತ್ತು ಲೂ ಅವರು ತಮ್ಮ ಪಕ್ಷವನ್ನು ತಾವೇ ಈ ಕಾರಣದಿಂದ ತ್ಯಜಿಸಿದರು. ಪ್ರತಿವಾದಿಗಳು ಎತ್ತಿ ತೋರುವುದಕ್ಕೆ ಮೊದಲೇ ತಮ್ಮ ಪಕ್ಷದ ಬಾಧವನ್ನು ತಾವೇ ಅಳೆದು ಪ್ರಕಟಿಸುವ ಈ ವೃತ್ತಿಯು ಶ್ಲಾಘ್ಯವಾದುದು. ಶಾಸ್ತ್ರವಿಚಾರ ಮಾಡುವವರೆಲ್ಲರಿಗೂ ಅನುಕರಣೀಯವಾದುದು.

ಅನಂತರ ಪ್ರಬಲವಾದುದು ಸಹಜಪಕ್ಷ. 2011ರಲ್ಲಿ ಬ್ರೌನ್ ಮತ್ತು ಸಂಗಡಿಗರು, ಪಿಂಡವು ಸೂರ್ಯನಿಂದ ಎಷ್ಟು ದೂರದಲ್ಲಿ ಹುಟ್ಟಿತೋ ಅದಕ್ಕೆ ತಕ್ಕಂತೆ ಅದರ ಮೇಲೆ ಯಾವ ಹಿಮಗಳು ಆವಿಯಾಗದೆ ಉಳಿದುವೆಂಬುದು ನಿಯತವಾಯಿತು, ಉಳಿದ ಹಿಮವೇ ಮುಂದಿನ ಪಾಕದ ಬಣ್ಣವನ್ನು ನಿಯಮಿಸಿತು ಎಂದರು. ಎಂದರೆ ಪಾಕವು ಎಲ್ಲಕ್ಕೂ ಸಮಾನ, ಪಾಕಕ್ಕೆ ಒಳಗಾದ ಮೂಲದ್ರವ್ಯ ಮಾತ್ರ ಭಿನ್ನ. ಈ ಪಕ್ಷವು ಸಹಜ-ಪಾಕಜಗಳೆರಡನ್ನೂ ಒಪ್ಪಿಕೊಳ್ಳುವುದರಿಂದ ಸಮನ್ವಯಕ್ಕೆ ಅನುಕೂಲವಾಗಿದೆ. ಆದರೆ ಇದರಿಂದಲೂ ಎಲ್ಲವೂ ಮುಗಿಯಲಿಲ್ಲ. ಕಿನ್ನರಗಳಲ್ಲಿ ಅತಿರಕ್ತವಾದುವು ಉಂಟು. ಅವೇ ಕಾಲಾಂತರದಲ್ಲಿ ಸೂರ್ಯನಿಗೆ ಸಮೀಪಿಸಿ ಧೂಮಕೇತುಗಳಾಗುವುವು. ಧೂಮಕೇತುಗಳ ಗರ್ಭಗಳಲ್ಲಿ ಮಾತ್ರ ಅತಿರಕ್ತವು ಕಾಣುವುದಿಲ್ಲ. ಭೂಮ್ಯಂತರದ ಸುಮಾರು 10 ಮಡಿ ದೂರಕ್ಕೆ ಬರುವಷ್ಟರಲ್ಲಿ, ಹಿಮಗಳು ಆವಿಯಾಗಿ ಚಿಮ್ಮತೊಡಗುವ ಅದೇ ಪ್ರದೇಶದಲ್ಲಿ, ಆ ಕೆಂಪು ಅಳಿಸಿಹೋಗುವುದು. ಸೂರ್ಯತಾಪವೂ ವರ್ಣವನ್ನು ಬದಲಾಯಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಆದುದರಿಂದ ಕಿನ್ನರದ ವರ್ಣವನ್ನು ನೋಡಿ ಜನ್ಮಸ್ಥಾನವನ್ನು ಹೇಳುವುದು, ವೃದ್ಧನ ನರೆಯನ್ನು ನೋಡಿ ಅವನ ವಂಶವನ್ನು ಹೇಳಿದಂತೆ.

ಪ್ರಕೃತ ವಿಚಾರದ ಹೃದಯವು ಇಲ್ಲಿಂದ ಮುಂದಿದೆ. ವರ್ಣದಿಂದ ದ್ರವ್ಯವನ್ನು ಅನುಮಾನಿಸಬಹುದೇ? ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು. ಬೆಂಕಿಯಿಂದ ಹೊಗೆಯನ್ನು ಅನುಮಾನಿಸಲಾಗದು, ಏಕೆಂದರೆ ಹಸಿ ಸೌದೆಯೆಂಬ ಉಪಾಧಿ ಅಲ್ಲಿ ಅಡ್ಡಬರುವುದು. ತೋಲಿನ್ ಇದ್ದಲ್ಲಿ ಕೆಂಪು ಇರುವುದೆಂಬುದು ನಿಜ. ಕೆಂಪು ಇದ್ದಲ್ಲೆಲ್ಲ ತೋಲಿನ್ ಇರುವುದೆಂಬುದು ವ್ಯಭಿಚರಿತ. ಕಬ್ಬಿಣದ ಅಂಶವುಳ್ಳ ಶಿಲಾರೇಣುವಿನಿಂದಲೂ ಕೆಂಪಾಗುವುದು. ಕಣಗಳ ಗಾತ್ರದಿಂದಲೂ ಬೆರಕೆಯ ಪ್ರಮಾಣದಿಂದಲೂ ವರ್ಣಾಂತರವು ಬದಲಾಗುವುದು. ದಾವಣಗೆರೆಯ ಸೀಮೆಯ ಎರೆಯನ್ನೇ ಮತ್ತೆ ನೋಡಬಹುದು. ಅದರ ಕಪ್ಪನ್ನು ಕಂಡವರು ಅದರಲ್ಲಿ ಕೊಳೆತ ಸಸ್ಯಾಂಶವು ಹೇರಳವಾಗಿರುವುದೆಂದು ಊಹಿಸುವುದು ಸಹಜ. ಪರೀಕ್ಷೆ ಮಾಡಿದರೆ ಆ ಅಂಶವು ಸ್ವಲ್ಪವೇ. ಕಾಲಡಿಯ ಮಣ್ಣಿನಲ್ಲಿಯೇ ಬಣ್ಣವು ಹೀಗೆ ವಂಚಿಸಬಲ್ಲುದಾದರೆ, ನಾನ್ನೂರು ಅರುನೂರು ಕೋಟಿ ಕಿಲೋಮೀಟರ್ ದೂರದ ಪಿಂಡದಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದು ಊಹ್ಯ.

ಶನಿಯ ಚಂದ್ರವಾದ ಐಯಾಪಿಟಸ್ ಇದಕ್ಕೆ ಒಳ್ಳೆಯ ಉದಾಹರಣೆ. 1671ರಲ್ಲಿ ಕಸ್ಸೀನಿಯು ಇದನ್ನು ಕಂಡುಹಿಡಿದಾಗ, ಶನಿಯ ಒಂದು ಪಕ್ಕದಲ್ಲಿರುವಾಗ ಮಾತ್ರ ಅದು ಕಾಣುವುದು, ಇನ್ನೊಂದು ಪಕ್ಕದಲ್ಲಿ ಮರೆಯಾಗುವುದು ಎಂಬುದನ್ನು ಗಮನಿಸಿ, ಅದರ ಒಂದು ಅರ್ಧ ಕಪ್ಪಾಗಿರಬೇಕೆಂದು ತರ್ಕಿಸಿದನು. ಅದು ದಿಟವಾಯಿತು. ದಾವಣಗೆರೆಗೆ ಸಮೀಪದ ಹರಿಹರದಲ್ಲಿ, ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯದ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಧ್ಯಾನದಲ್ಲಿ ಒಬ್ಬನು ಶ್ಯಾಮ, ಇನ್ನೊಬ್ಬನು ಗೌರ, ಶಿಲೆ ಒಂದೇ. ಐಯಾಪಿಟಸ್ಸಿನಲ್ಲಿಯೂ ಎರಡು ವರ್ಣಗಳಿವೆ, ಪಿಂಡ ಒಂದೇ. ಅದರ ಕಪ್ಪು ಧೂಳು ಹೊರಗಿನ ಚಂದ್ರವಾದ ಫೀಬೆಯಿಂದ ಬಂದುದೆಂದು ಬಹುಕಾಲದಿಂದ ಹೇಳುತ್ತಿದ್ದರು. ಆಕ್ಷೇಪವೊಂದೇ: ಫೀಬೆ ಬೂದು, ಐಯಾಪಿಟಸ್ಸಿನ ಕಪ್ಪು ಕೆಂಪುಮಿಶ್ರ, ವರ್ಣವು ಕೂಡುವುದಿಲ್ಲ. 2009ರಲ್ಲಿ ಸ್ಪಿಟ್ಜರ್ ಎಂಬ ಅವಕೆಂಪು ದೂರದರ್ಶಕದಿಂದ, ಫೀಬೆಯ ಕಕ್ಷೆಯ ನೆರೆಯಲ್ಲಿ ಮಹತ್ತಾದ ಧೂಳಿನ ಉಂಗುರವು ಕಾಣಿಸಿತು. ವರ್ಣವು ಬೇಡವೆಂದುದನ್ನು ಉಂಗುರವು ಹೌದೆಂದಿತು. ಧೂಳು ಬಿದ್ದ ಮೇಲೆ ಕಪ್ಪು ಮಗ್ಗುಲು ಹೆಚ್ಚು ಬಿಸಿಲನ್ನು ಹೀರಿ ಹಿಮವನ್ನು ಕಳೆದುಕೊಂಡು ಇನ್ನೂ ಕಪ್ಪಾಯಿತೆಂದು ಈಗ ವಿವರಿಸುತ್ತಾರೆ. ವರ್ಣದ ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನ ಇನ್ನೂ ಬೇಕಾಗಿರಬಹುದು. ಆದರೆ ಅದೊಂದರಿಂದಲೇ ಪಕ್ಷವನ್ನು ತಳ್ಳಿಹಾಕುವುದು ಯುಕ್ತವಾಗಿರಲಿಲ್ಲ.

ಒಂದೇ ಲಿಂಗವನ್ನು ನಂಬುವುದರ ತೊಡಕನ್ನು ಕರ್ನಾಟಕದ ಸಂಸ್ಥೆಯೊಂದರ ಚರಿತ್ರೆಯಲ್ಲಿಯೂ ಕಾಣಬಹುದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ನಕ್ಷತ್ರವೊಂದನ್ನು ಮರೆಮಾಡುವ ಸಂದರ್ಭದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿಯವರು ತಮಿಳುನಾಡಿನ ಕಾವಲೂರಿನಲ್ಲಿರುವ 1 ಮೀಟರ್ ದೂರದರ್ಶಕದಿಂದ ಗ್ರಹವು ಮುಟ್ಟುವುದಕ್ಕೆ ಮೊದಲೇ ನಕ್ಷತ್ರವು ಕ್ಷಣಕಾಲ ಮಸುಕಾದುದನ್ನು ದಾಖಲಿಸಿದರು. ಅದನ್ನು ಅವರು ಹೊಸ ಉಪಗ್ರಹವೆಂದು ಪ್ರಕಟಿಸಿದರು. ಅನ್ಯತ್ರ ನಡೆದ ವೀಕ್ಷಣಗಳೊಂದಿಗೆ ಕೂಡಿಸಿ ನೋಡಿದಾಗ ಅದು ಉಂಗುರವೆಂದು ತಿಳಿಯಿತು; ಹೀಗೆ ಯುರೇನಸ್ಸಿನ ಉಂಗುರಗಳು ಬೆಳಕಿಗೆ ಬಂದುವು. ವೀಕ್ಷಣವು ನಿರ್ದುಷ್ಟ, ಅನುಮಾನಕ್ಕೆ ಇನ್ನೊಂದು ಲಿಂಗವು ಬೇಕಾಗಿತ್ತು. ಆ ಉಂಗುರಗಳೂ ವರ್ಣದಲ್ಲಿ ತಟಸ್ಥ, ಕಾಂತಿಯಲ್ಲಿ ಇದ್ದಲಿನಂತೆ ಕಪ್ಪು. ವರ್ಣಾಂತರವೊಂದನ್ನೇ ನೋಡಿದವನಿಗೆ ಈ ಇದ್ದಲಿಗೂ ಶುದ್ಧವಾದ ನೀರ್ಗಲ್ಲಿಗೂ ಭೇದ ತಿಳಿಯದು. ಎರಡೂ ತಟಸ್ಥವೇ, ಒಂದು ಬಿದ್ದ ಬೆಳಕಿನಲ್ಲಿ ನೂರಕ್ಕೆ ಕೆಲವೇ ಪಾಲನ್ನೂ ಇನ್ನೊಂದು ಬಹುಪಾಲನ್ನೂ ಹಿಂದಿರುಗಿಸುವುದು.

ಈಚಿನ ಪರಿಶೋಧನೆಗಳು ಈ ನಿರ್ಣಯವನ್ನೇ ದೃಢಪಡಿಸಿವೆ. 2021ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕದಿಂದ ಐವತ್ತಕ್ಕೂ ಹೆಚ್ಚು ಪಿಂಡಗಳ ಅವಕೆಂಪು ರೋಹಿತವನ್ನು ತೆಗೆದು, ಅವು ಮೂರು ವರ್ಗಗಳಾಗಿ ಒಡೆಯುವುವೆಂದು ತೋರಿಸಿದ್ದಾರೆ: ನೀರ್ಗಲ್ಲೂ ರೇಣುವೂ ಪ್ರಧಾನವಾದುದು ಒಂದು, ಇಂಗಾಲಾಮ್ಲದ ಹಿಮವು ಪ್ರಧಾನವಾದುದು ಒಂದು, ಮೆಥನಾಲ್ ಮತ್ತು ಸಂಕೀರ್ಣವಾದ ಇಂಗಾಲದ್ರವ್ಯಗಳು ಪ್ರಧಾನವಾದುದು ಒಂದು. ಕೊನೆಯ ಎರಡು ವರ್ಗಗಳೂ ಸಾಮಾನ್ಯ ಬೆಳಕಿನಲ್ಲಿ ಕೆಂಪೇ. ಕೆಂಪೆಂಬ ಒಂದೇ ಹೆಸರಿನ ಕೆಳಗೆ ಎರಡು ಭಿನ್ನ ದ್ರವ್ಯಸಮುದಾಯಗಳು ಮೂವತ್ತು ವರ್ಷ ಕುಳಿತಿದ್ದುವು.

ಹಾಗಾದರೆ ವರ್ಣವಿಚಾರವು ನಿಷ್ಫಲವೇ? ಅಲ್ಲ. ದ್ರವ್ಯಕ್ಕೆ ಅದು ದುರ್ಬಲವಾದ ಹೇತುವಾದರೂ ಕುಲಕ್ಕೆ, ಎಂದರೆ ಸಜಾತೀಯತ್ವಕ್ಕೆ, ಪ್ರಬಲವಾದ ಹೇತು. 2007ರಲ್ಲಿ ಹೌಮಿಯಾ ಎಂಬ ದೀರ್ಘಾಕಾರದ ಪಿಂಡದ ಸುತ್ತಿನ ಕಕ್ಷೆಗಳಲ್ಲಿ ಕೆಲವು ಚಿಕ್ಕ ಪಿಂಡಗಳು ಅದರಂತೆಯೇ ತಟಸ್ಥವರ್ಣವನ್ನೂ ನೀರ್ಗಲ್ಲಿನ ಗಾಢವಾದ ಚಿಹ್ನೆಯನ್ನೂ ಹೊಂದಿರುವುವೆಂದು ಬ್ರೌನ್ ಮೊದಲಾದವರು ತೋರಿಸಿದರು. ವರ್ಣ, ರೋಹಿತ, ಕಕ್ಷೆ ಮೂರೂ ಒಂದೇ ಮಾತನ್ನು ಹೇಳಿದುವು: ಇವು ಒಂದೇ ಪಿಂಡವು ಒಡೆದು ಆದ ತುಣುಕುಗಳು. ಅಂತೆಯೇ ಪಟ್ಟಿಯ ಶಾಂತಕಕ್ಷೆಯ ಪಿಂಡಗಳು ಬಹುಮಟ್ಟಿಗೆ ಅತಿರಕ್ತವೆಂಬುದು 2000ದ ಹೊತ್ತಿಗೇ ಗೊತ್ತಾಗಿ, ಅವು ಹುಟ್ಟಿದ ನೆಲೆಯಲ್ಲಿಯೇ ಅಲುಗದೆ ಉಳಿದಿರುವ ಪ್ರತ್ಯೇಕ ಕುಲವೆಂಬ ಅಭಿಪ್ರಾಯಕ್ಕೆ ಆಧಾರವಾಯಿತು. ಮೇಲೆ ಹೇಳಿದ ನೀಲಿ ಯುಗ್ಮಗಳ ಮಹತ್ತ್ವವೂ ಇಲ್ಲಿಯೇ. ಕೆಂಪು ಕುಲದ ನಡುವೆ ಕೆಂಪು ಕಡಮೆಯಾದ ಇವು ಪರಸ್ಥಳದಿಂದ ಬಂದುವು. ಬಹುತೇಕ ಜೋಡಿಗಳಾಗಿಯೇ ಇರುವುದರಿಂದ, ಅವನ್ನು ಸಾಗಿಸಿದ ನೆಪ್ಚೂನಿನ ಚಲನವು ಜೋಡಿ ಕಳಚದಷ್ಟು ಮೃದುವಾಗಿತ್ತು ಎಂದು ಅನುಮಾನಿಸುತ್ತಾರೆ. ಗ್ರಹಗಳು ಇಂದಿರುವ ಸ್ಥಾನಗಳಿಗೆ ಹೇಗೆ ಬಂದುವೆಂಬ ಪ್ರಶ್ನೆಗೆ ಕೆಲವು ಮಂದಪಿಂಡಗಳ ವರ್ಣಾಂತರವು ಉತ್ತರದ ಒಂದು ಭಾಗವಾಗಿರುವುದು ಸಾಮಾನ್ಯವಾದ ಸಂಗತಿಯಲ್ಲ.

2025ರ ಜೂನ್ ತಿಂಗಳಲ್ಲಿ ಚಿಲಿ ದೇಶದ ರೂಬಿನ್ ವೀಕ್ಷಣಾಲಯವು ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿತು. ಆರು ಶೋಧಕಗಳುಳ್ಳ ಅದರ ಯಂತ್ರದಿಂದ ಮುಂದಿನ ವರ್ಷಗಳಲ್ಲಿ ಸಹಸ್ರಾರು ಪಿಂಡಗಳ ವರ್ಣಾಂತರಗಳು ದೊರೆಯುವುವು. ಕರ್ನಾಟಕದಲ್ಲಿಯೂ ಇಂತಹ ವಿಚಾರಕ್ಕೆ ಸಾಧನವಿಲ್ಲದಿಲ್ಲ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅಂಕಗಳು ರಾಶಿಯಾದಷ್ಟೂ ಅವುಗಳ ಅರ್ಥವನ್ನು ಕುರಿತ ವಿವೇಕವು ಹೆಚ್ಚು ಬೇಕಾಗುವುದು. ಈ ವಾರ್ತೆಗಳು ಕನ್ನಡಕ್ಕೆ ಬರುವಾಗ ಬರೆಯುವವರು ಮೂರು ಅಂಶಗಳನ್ನು ಪಾಲಿಸುವುದು ಅವಶ್ಯ: ವರ್ಣಾಂತರವನ್ನು ಕಣ್ಣಿನ ಬಣ್ಣವೆಂದು ಹೇಳಬಾರದು, ಕೆಂಪೆಂದರೆ ಯಾವುದಕ್ಕಿಂತ ಕೆಂಪೆಂಬುದನ್ನು ಬಿಡಬಾರದು, ವರ್ಣದಿಂದ ಕುಲವನ್ನು ಹೇಳಿದಷ್ಟು ಧೈರ್ಯವಾಗಿ ದ್ರವ್ಯವನ್ನು ಹೇಳಬಾರದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ಆರಂಭಿಸಿದಾಗ, ಹೊಸ ಶಾಸ್ತ್ರಗಳು ಕನ್ನಡದಲ್ಲಿ ನಿಲ್ಲಬಲ್ಲವೆಂಬ ವಿಶ್ವಾಸವು ಅದಕ್ಕೆ ಮೂಲವಾಗಿತ್ತು. ಶಬ್ದವು ಅರ್ಥವನ್ನು ಬಿಟ್ಟು ಹೋಗದಂತೆ ಕಾಯುವುದರಿಂದಲೇ ಆ ವಿಶ್ವಾಸವು ಸಾರ್ಥಕವಾಗುವುದು.